ನಲ್ಲೂರಿನ ಹುಣಿಸೆಯೂ ಕಿಸೊ ಕಣಿವೆಯ ದಾರಿಯೂ

ಸಂಕ್ರಾಂತಿ ಕಳೆದ ಮೇಲೆ ಜಪಾನಿನಲ್ಲಿರುವ ನನ್ನ ಮಗಳಿಂದ ಒಂದು ಕಾಗದ ಬಂತು. ಕಾಗದವೆಂದರೆ ಅಂಚೆಯವನು ತಂದುಕೊಟ್ಟದ್ದಲ್ಲ, ಮೊಬೈಲಿಗೆ ಬಂದದ್ದು. ಆದರೂ ದೇವನಹಳ್ಳಿಯ ಅಂಗಡಿಯೊಂದರಲ್ಲಿ ಅದನ್ನು ಅಚ್ಚು ಹಾಕಿಸಿ ತಂದು, ಜಗುಲಿಯ ಮೇಲೆ ಕುಳಿತು, ಕನ್ನಡಕ ಏರಿಸಿಕೊಂಡು ಓದಿದ ಮೇಲೆಯೇ ನನಗೆ ಅದು ಬಂದಂತಾಯಿತು. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ನಾಗೋಯಾ ಪಟ್ಟಣದಲ್ಲಿದ್ದಾರೆ. "ಅಪ್ಪ, ಈ ಸಲ ನೀವೂ ಅಮ್ಮನೂ ಬರಲೇಬೇಕು. ತೋಕಿಯೊ ಬೇಡ, ಜನಜಂಗುಳಿ ಬೇಡ. ಎಲ್ಲರೂ ಒಂದೇ ಕಾರಿನಲ್ಲಿ ನಾಲ್ಕು ದಿನ ಹಳ್ಳಿಗಾಡು ಸುತ್ತಿ ಬರೋಣ" ಎಂದು ಬರೆದಿದ್ದಳು. ಕೆಳಗೆ ಪ್ರವಾಸದ ಪಟ್ಟಿ.

ಪಟ್ಟಿ ಬಹಳ ಅಚ್ಚುಕಟ್ಟಾಗಿತ್ತು. ಅಲ್ಲಿಯೂ ನಮ್ಮಂತೆಯೇ ವಾಹನಗಳು ರಸ್ತೆಯ ಎಡಗಡೆ ಓಡುತ್ತವೆ. ಇಲ್ಲಿಂದ ಹೋದವನು ಕಾರು ನಡೆಸಬೇಕಾದರೆ ಊರಿನಲ್ಲಿಯೇ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗತಕ್ಕದ್ದು; 1949ರ ಜಿನೀವಾ ಒಪ್ಪಂದದ ಬಲದಿಂದ ಅದು ಅಲ್ಲಿ ನಡೆಯುತ್ತದೆ. ಆರು ವರ್ಷ ತುಂಬದ ಮಕ್ಕಳನ್ನು ಕಾರಿನಲ್ಲಿ ಪ್ರತ್ಯೇಕವಾದ ಆಸನದಲ್ಲಿ ಕೂರಿಸಬೇಕೆಂದು 2000ನೆಯ ಇಸವಿಯಿಂದ ಅಲ್ಲಿ ಕಾನೂನು ಉಂಟು. ಆದ್ದರಿಂದ ನಾಲ್ಕು ವರ್ಷದ ಮೊಮ್ಮಗನು ತಾತನ ತೊಡೆಯ ಮೇಲೆ ಕೂರುವಂತಿಲ್ಲ. ಹಳ್ಳಿಯ ರಸ್ತೆಗಳಲ್ಲಿ ನಡುನಡುವೆ 'ಮಿಚಿ ನೊ ಎಕಿ' ಎಂಬ ತಂಗುದಾಣಗಳಿವೆ. 'ದಾರಿಯ ನಿಲ್ದಾಣ' ಎಂದು ಅದರ ಅರ್ಥ. 1993ರಲ್ಲಿ ಆರಂಭವಾದ ಈ ಏರ್ಪಾಡು ಇಂದು ಸಾವಿರಕ್ಕೂ ಹೆಚ್ಚು ಕಡೆ ಇದೆಯಂತೆ. ಕಾರು ನಿಲ್ಲಿಸಲು ಜಾಗ, ಶೌಚಾಲಯ, ಬಿಸಿ ಊಟ. ಅದರ ಪಕ್ಕದಲ್ಲೇ ಸುತ್ತಲಿನ ರೈತರು ತಾವು ಬೆಳೆದ ಸೊಪ್ಪು, ಮೂಲಂಗಿ, ಹಣ್ಣುಗಳನ್ನು ತಂದಿಟ್ಟು ಮಾರುವ ಮಳಿಗೆ. ನಮ್ಮ ಹೆಂಗಸರಿಗೆ ಈ ಕಡೆಯ ವಿಚಾರವೇ ಎಲ್ಲಕ್ಕಿಂತ ರುಚಿಸಿತು.

ಆದರೆ ನನ್ನ ಕಣ್ಣು ನಿಂತದ್ದು ಪಟ್ಟಿಯ ಎರಡು ಹೆಸರುಗಳ ಮೇಲೆ: ಮಾಗೊಮೆ, ತ್ಸುಮಾಗೊ. ಬೆಂಗಳೂರಿನ ಶಾಲೆಯೊಂದರಲ್ಲಿ ಬಹುಕಾಲ ಚರಿತ್ರೆಯ ಪಾಠ ಹೇಳಿ ನಿವೃತ್ತನಾದವನು ನಾನು. ಯಾವ ಊರಿನ ಹೆಸರು ಕಂಡರೂ ಅದರ ಹಿಂದಿನ ಕತೆಯನ್ನು ಕೆದಕದಿದ್ದರೆ ರಾತ್ರಿ ನಿದ್ದೆ ಹತ್ತದು. ಕೆದಕಿದೆ. ಸಿಕ್ಕಿದ್ದನ್ನು ಓದುಗರ ಮುಂದಿಡುತ್ತೇನೆ. ಅದರಿಂದ ನನಗೇ ಒಂದು ಲೆಕ್ಕ ಒಪ್ಪಿಸಬೇಕಾಗಿ ಬಂತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಹದಿನೇಳನೆಯ ಶತಮಾನದ ಆರಂಭದಲ್ಲಿ ಜಪಾನಿನ ಆಳ್ವಿಕೆ ತೊಕುಗಾವಾ ಮನೆತನದ ಕೈಗೆ ಬಂತು. ಅವರ ರಾಜಧಾನಿ ಎದೊ. ಎಂದರೆ ಇಂದಿನ ತೋಕಿಯೊ. ಅಲ್ಲಿಂದ ಚಕ್ರವರ್ತಿಗಳ ಪಟ್ಟಣವಾದ ಕ್ಯೋತೊಗೆ ಎರಡು ಹೆದ್ದಾರಿಗಳಿದ್ದವು. ಕಡಲ ಅಂಚಿನಲ್ಲಿ ಹೋಗುವುದು ತೊಕಾಯ್ದೊ. ಅದಕ್ಕೆ 53 ತಂಗುದಾಣದ ಊರುಗಳು. ಬೆಟ್ಟಗಳ ನಡುವೆ ಹೋಗುವುದು ನಕಾಸೆಂದೊ, ಅದಕ್ಕೆ 69. ಮಾಗೊಮೆ, ತ್ಸುಮಾಗೊಗಳು ಈ ಬೆಟ್ಟದ ದಾರಿಯಲ್ಲಿ, ಕಿಸೊ ಕಣಿವೆಯಲ್ಲಿ ಒಂದರ ಪಕ್ಕ ಒಂದು ಇರುವ ಊರುಗಳು. ಎರಡರ ನಡುವೆ ಕಾಲುದಾರಿಯಲ್ಲಿ ಸುಮಾರು ಎಂಟು ಕಿಲೋಮೀಟರು.

1635ರಿಂದ ಪಾಳೆಯಗಾರರಂತಹ ನಾಡೊಡೆಯರೆಲ್ಲ ಸರದಿಯ ಪ್ರಕಾರ ಎದೊ ಪಟ್ಟಣಕ್ಕೆ ಬಂದು ವಾಸ ಮಾಡಬೇಕೆಂದು ಕಟ್ಟಳೆಯಾಯಿತು. ಒಡೆಯನು ತನ್ನ ಸೀಮೆಗೂ ರಾಜಧಾನಿಗೂ ಓಡಾಡುತ್ತಿರಬೇಕು. ಹೆಂಡತಿ ಮಕ್ಕಳು ಮಾತ್ರ ರಾಜಧಾನಿಯಲ್ಲೇ ಒತ್ತೆಯಾಗಿ ಇರಬೇಕು. ಒಬ್ಬೊಬ್ಬ ಒಡೆಯನ ಜತೆಯಲ್ಲೂ ನೂರಾರು ಮಂದಿ ಪರಿವಾರ. ಅವರಿಗೆ ಅನ್ನ, ಹಾಸಿಗೆ, ಕುದುರೆ, ಹೊರೆಯಾಳು ಒದಗಿಸುವುದೇ ಈ ಊರುಗಳ ಕಸುಬು. ಈಗ ನಮ್ಮ ಮೊಮ್ಮಕ್ಕಳು ನಗುನಗುತ್ತಾ ಹೋಗಬೇಕೆಂದಿರುವ ದಾರಿ, ಒಂದು ಕಾಲಕ್ಕೆ ಕುಟುಂಬಗಳನ್ನು ಅಗಲಿಸಿ ಇಟ್ಟ ದಾರಿ.

ದಾರಿಯ ಬಗ್ಗೆ ಇನ್ನೆರಡು ಸಂಗತಿ ಹೇಳಬೇಕು. 1604ರಲ್ಲಿ ತೊಕುಗಾವಾ ಸರ್ಕಾರ ಹೆದ್ದಾರಿಗಳ ಉದ್ದಕ್ಕೂ ಪ್ರತಿಯೊಂದು 'ರಿ'ಗೆ, ಎಂದರೆ ಸುಮಾರು ನಾಲ್ಕು ಕಿಲೋಮೀಟರಿಗೆ, ಇಕ್ಕೆಲದಲ್ಲೂ ಮಣ್ಣಿನ ದಿಬ್ಬ ಹಾಕಿಸಿ ಅದರ ಮೇಲೆ ಮರ ನೆಡಿಸಲು ಅಪ್ಪಣೆ ಮಾಡಿತು. ನಮ್ಮ ಮೈಲಿಕಲ್ಲು ಅಲ್ಲಿ ಮೈಲಿಮರವಾಯಿತು. ನಡೆದು ದಣಿದವನಿಗೆ ಎಷ್ಟು ದೂರ ಬಂದೆನೆಂಬ ಲೆಕ್ಕವೂ ಸಿಕ್ಕಿತು, ನೆರಳೂ ಸಿಕ್ಕಿತು. ಎರಡನೆಯದು ಕಿಸೊ ಕಣಿವೆಯ ಕಾಡು. ಅದು ನಾಗೋಯಾದ ಒವಾರಿ ಮನೆತನದವರ ಸ್ವತ್ತು. ಬೆಲೆಬಾಳುವ ಹಿನೊಕಿ ಮೊದಲಾದ ಐದು ಜಾತಿಯ ಮರಗಳನ್ನು ಪ್ರಜೆಗಳು ಮುಟ್ಟಕೂಡದೆಂದು ಅವರು ಶಾಸನ ಮಾಡಿದರು. "ಒಂದು ಮರಕ್ಕೆ ಒಂದು ತಲೆ" ಎಂಬ ಮಾತು ಆ ಸೀಮೆಯಲ್ಲಿ ಇಂದಿಗೂ ಇದೆ. ಕಾಡು ಉಳಿಯಿತು, ಉಳಿಸಿದ್ದು ಕತ್ತಿ.

ಊರುಗಳು ಉಳಿದ ಬಗೆ ಬೇರೆ. ಒಡೆಯರ ಕಾಲ ಮುಗಿದು ರೈಲು ಬಂತು. ರೈಲುದಾರಿ ತ್ಸುಮಾಗೊವನ್ನು ಬಿಟ್ಟು ಬೇರೆ ಕಡೆ ಹಾದುಹೋಯಿತು. ದಾರಿಹೋಕರಿಲ್ಲದ ತಂಗುದಾಣವೆಂದರೆ ನೀರಿಲ್ಲದ ಬಾವಿ. ಯುವಕರು ಪಟ್ಟಣ ಸೇರಿದರು, ಮನೆಗಳು ಸೊರಗಿದವು. 1968ರಲ್ಲಿ ಹಳೆಯ ಮರದ ಮನೆಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಕೈಹಾಕಿದರು. 1971ರಲ್ಲಿ ಊರಿನವರೇ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡರು. ಅದರ ತಿರುಳು ಮೂರೇ ಮಾತು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1976ರಲ್ಲಿ ಸರ್ಕಾರ ಆ ಊರನ್ನು ರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿತು. ಸರ್ಕಾರ ಬಂದದ್ದು ಊರಿನವರು ಮನಸ್ಸು ಗಟ್ಟಿ ಮಾಡಿದ ಐದು ವರ್ಷಗಳ ಮೇಲೆ ಎಂಬುದನ್ನು ಗಮನಿಸಬೇಕು.

ಇಷ್ಟನ್ನೂ ಓದಿ ಬೀಗುತ್ತಾ ಒಂದು ಸಂಜೆ ಮೊಮ್ಮಗಳಿಗೆ ಫೋನಿನಲ್ಲಿ ಹೇಳತೊಡಗಿದೆ. ಆಕೆಗೆ ಒಂಬತ್ತು ವರ್ಷ. ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ, "ತಾತ, ಇದೆಲ್ಲ ನಮಗೆ ಸ್ಕೂಲಲ್ಲಿ ಹೇಳಿದಾರೆ. ರಜಕ್ಕೆ ನಾವು ನಲ್ಲೂರಿಗೆ ಬಂದಾಗ ನೀವು ಎಲ್ಲಿಗೆ ಕರ್ಕೊಂಡು ಹೋಗ್ತೀರಾ? ಅಲ್ಲಿ ನೋಡೋಕೆ ಏನಿದೆ?" ಎಂದಳು.

ನಾನು ಉತ್ತರ ಕೊಡದೆ ಫೋನನ್ನು ನನ್ನ ಮನೆಯವಳ ಕೈಗೆ ಕೊಟ್ಟೆ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಗೆ ಪ್ಯಾರಿಸ್ ಒಪ್ಪಂದ, ಪಾಣಿಪತ್ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸಿದವನಿಗೆ ತನ್ನ ಊರಿನ ಸುತ್ತಲಿನ ಹತ್ತು ಹರದಾರಿಯಲ್ಲಿ ನೋಡಲು ಏನಿದೆ ಎಂದು ಒಂದು ಮಗುವಿಗೆ ಹೇಳಲು ಬಾಯಿ ಬರಲಿಲ್ಲ. ಅಂದು ರಾತ್ರಿಯೇ ಒಂದು ಹಾಳೆ ತೆಗೆದುಕೊಂಡು 'ನಲ್ಲೂರಿನಿಂದ ಎರಡು ದಿನ' ಎಂದು ತಲೆಬರಹ ಬರೆದು ಪಟ್ಟಿ ಮಾಡಲು ಕುಳಿತೆ.

ಪಟ್ಟಿಯಲ್ಲಿ ಮೊದಲು ಬರೆದದ್ದು ದೇವನಹಳ್ಳಿಯ ಕೋಟೆ. 1501ರಲ್ಲಿ ಆವತಿ ಮನೆತನದ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಅದು. ಕಲ್ಲಿನ ಕೋಟೆಯಾದದ್ದು ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯನ ದಂಡು ಇದನ್ನು ಮುತ್ತಿತು. ಆ ಮುತ್ತಿಗೆಯಲ್ಲಿಯೇ ಹೈದರ್ ಎಂಬ ಯುವಕ ಸವಾರ ದಳವಾಯಿಯ ಕಣ್ಣಿಗೆ ಬಿದ್ದದ್ದು. ಸ್ವಲ್ಪ ಕಾಲದಲ್ಲೇ ಅವನ ಮಗ ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬಂದು ಕೋಟೆಯನ್ನು ವಶಮಾಡಿಕೊಂಡಿತು. ಒಂದು ಮನೆತನದ ಏಳಿಗೆಯ ಮೊದಲ ಹೆಜ್ಜೆಯೂ ಇಳಿತದ ಹೆಜ್ಜೆಯೊಂದೂ ಒಂದೇ ಬಾಗಿಲಿನಲ್ಲಿ ಮೂಡಿದ್ದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ, ವೇಣುಗೋಪಾಲಸ್ವಾಮಿಯ ಗುಡಿಯಲ್ಲಿ ಪೂಜೆ ನಡೆಯುತ್ತದೆ. ಹೊರಗೆ ಬಂದರೆ ಚಕ್ಕೋತದ ಹಣ್ಣು ಕೊಳ್ಳಬಹುದು; ದೇವನಹಳ್ಳಿಯ ಚಕ್ಕೋತವನ್ನು ತಿನ್ನದೆ ದೇವನಹಳ್ಳಿ ನೋಡಿದೆನೆಂದರೆ ನಾನು ಒಪ್ಪುವುದಿಲ್ಲ.

ಅಲ್ಲಿಂದ ಬಡಗಲಿಗೆ ಚಿಕ್ಕಬಳ್ಳಾಪುರದ ರಸ್ತೆ ಹಿಡಿದರೆ ಆವತಿ. ಇಲ್ಲಿ ಕಾರು ನಿಲ್ಲಿಸುವವರು ಕಡಮೆ. ನನ್ನ ಪಟ್ಟಿಯಲ್ಲಿ ಮಾತ್ರ ಇದಕ್ಕೆ ಒಂದು ಗಂಟೆ ಮೀಸಲು. ಏಕೆಂದರೆ ನಮ್ಮ ಸೀಮೆಯ ಚರಿತ್ರೆ ಆರಂಭವಾಗುವುದೇ ಒಂದು ಕುಟುಂಬ ಕೈಗೊಂಡ ಪ್ರಯಾಣದಿಂದ.

ಐತಿಹ್ಯ ಹೀಗಿದೆ. ಹದಿನೈದನೆಯ ಶತಮಾನದ ಆದಿಭಾಗದಲ್ಲಿ, ಕಂಚಿಯ ಸೀಮೆಯಲ್ಲಿದ್ದ ಮೊರಸು ಒಕ್ಕಲಿನ ಏಳು ಮಂದಿ ಅಣ್ಣತಮ್ಮಂದಿರ ಮನೆಯ ಹೆಣ್ಣುಮಗಳನ್ನು ಅಲ್ಲಿನ ಅಧಿಪತಿಯೊಬ್ಬ ಬಲವಂತದಿಂದ ಮದುವೆಯಾಗಬಯಸಿದ. ಒಪ್ಪದ ಅಣ್ಣತಮ್ಮಂದಿರು ರಾತ್ರೋರಾತ್ರಿ ಹೆಂಡಿರು ಮಕ್ಕಳನ್ನೂ ಸಾಮಾನನ್ನೂ ಗಾಡಿಗಳಿಗೆ ಏರಿಸಿ ಹೊರಟರು. ಹಿಂದೆ ಸವಾರರು, ಮುಂದೆ ತುಂಬಿ ಹರಿಯುವ ಪಾಲಾರ್ ನದಿ. ಹುಡುಗಿ ಗಂಗೆಯನ್ನು ಬೇಡಿಕೊಂಡು ತನ್ನ ಕಿವಿಯ ಒಡವೆಯನ್ನು ನೀರಿಗೆ ಅರ್ಪಿಸಿದಳು. ನದಿ ಇಬ್ಭಾಗವಾಗಿ ದಾರಿ ಕೊಟ್ಟಿತು. ಗಾಡಿಗಳು ಈಚೆ ದಡ ಸೇರಿದೊಡನೆ ನೀರು ಮತ್ತೆ ಕೂಡಿಕೊಂಡಿತು. ನಂದಿಬೆಟ್ಟದ ಮೂಡಲಿಗೆ ರಾಮಸ್ವಾಮಿ ಬೆಟ್ಟದ ತಪ್ಪಲಲ್ಲಿ ಅವರು ಗಾಡಿ ಬಿಚ್ಚಿದರು, ಆವತಿಯಲ್ಲಿ ನೆಲೆಸಿದರು. ಹಿರಿಯನಾದ ರಣಬೈರೇಗೌಡನ ಪೀಳಿಗೆಯವರೇ ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಕಟ್ಟಿ ಆಳಿದ್ದು. ಅವರೊಡನೆ ಬಂದ ಬಳಗದಿಂದಲೇ ಯಲಹಂಕದ ನಾಡಪ್ರಭುಗಳೂ ಬಂದರೆಂದು ಹೇಳುತ್ತಾರೆ. ಆ ಮನೆತನದ ಕೆಂಪೇಗೌಡ ಬೆಂಗಳೂರನ್ನು ಕಟ್ಟಿದ.

ನದಿ ಇಬ್ಭಾಗವಾಯಿತೇ ಎಂದು ಮೊಮ್ಮಗಳು ಕೇಳಿಯೇ ಕೇಳುತ್ತಾಳೆ. ಬೇಸಿಗೆಯ ಪಾಲಾರ್ ನದಿಯನ್ನು ಕಂಡವರಿಗೆ ಅದು ದೊಡ್ಡ ಪವಾಡವಾಗಿ ತೋರಲಾರದು ಎಂದು ಹೇಳಿ ನಗಬಹುದು. ಆದರೆ ಕತೆಯ ಸತ್ಯ ನೀರಿನಲ್ಲಿಲ್ಲ, ಗಾಡಿಗಳಲ್ಲಿದೆ. ಮಗಳೊಬ್ಬಳನ್ನು ಬಿಟ್ಟುಕೊಡಲಾರದೆ ಇದ್ದ ನೆಲವನ್ನೇ ಬಿಟ್ಟು ಬಂದವರು ನಮ್ಮ ಸೀಮೆಯ ಊರುಗಳನ್ನು ಕಟ್ಟಿದರು ಎಂದು ಜನ ನೆನೆಯಲು ಬಯಸಿದ್ದಾರೆ. ಎದೊ ಪಟ್ಟಣದಲ್ಲಿ ಮನೆಮಂದಿಯನ್ನು ಒತ್ತೆಯಿಟ್ಟು ಒಬ್ಬಂಟಿಯಾಗಿ ದಾರಿ ನಡೆದ ಒಡೆಯರ ಕತೆಯ ಪಕ್ಕದಲ್ಲಿ, ಇಡೀ ಮನೆಯನ್ನೇ ಗಾಡಿಯಲ್ಲಿ ಹೇರಿಕೊಂಡು ಬಂದವರ ಈ ಕತೆಯನ್ನು ಇಟ್ಟು ನೋಡಿದರೆ ನನ್ನ ಮಾತು ತಿಳಿಯುತ್ತದೆ.

ಆವತಿಯಾದ ಮೇಲೆ ನಂದಿ. ಎಲ್ಲರೂ ಬೆಳಗಿನ ಜಾವ ಬೆಟ್ಟಕ್ಕೆ ಏರಿ, ಮಂಜು ನೋಡಿ, ಚಿತ್ರ ತೆಗೆದು, ಇಳಿದು ಹೋಗುತ್ತಾರೆ. ಬೆಟ್ಟ ನೋಡಬಾರದೆಂದಲ್ಲ, 1791ರ ಅಕ್ಟೋಬರಿನಲ್ಲಿ ಇಂಗ್ಲಿಷರ ಫಿರಂಗಿಗೆ ಬಿದ್ದ ಕೋಟೆ ಅಲ್ಲಿದೆ, 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದ ಜಾಗ ಅಲ್ಲಿದೆ. ಆದರೆ ಬೆಟ್ಟದ ಕೆಳಗಿನ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಯನ್ನು ಬಿಟ್ಟು ಬರುವುದು, ಮನೆಯ ಯಜಮಾನನನ್ನು ಮಾತನಾಡಿಸದೆ ಮಾಳಿಗೆ ನೋಡಿ ಬಂದಂತೆ. ಅದರ ಮೂಲ ಒಂಬತ್ತನೆಯ ಶತಮಾನದ್ದು. 806ರಷ್ಟು ಹಿಂದಿನ ರಾಷ್ಟ್ರಕೂಟರ ಕಾಲದ ಶಾಸನದಲ್ಲಿ ಅದರ ಪ್ರಸ್ತಾಪವಿದೆ. ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ಈ ಸೀಮೆಯನ್ನು ಗೆದ್ದರು. ಒಬ್ಬರು ಕಟ್ಟಿದ್ದನ್ನು ಮತ್ತೊಬ್ಬರು ಕೆಡವದೆ, ತಮ್ಮದೊಂದು ಕಂಬ, ತಮ್ಮದೊಂದು ಮಂಟಪ ಸೇರಿಸಿಹೋದರು. ತ್ಸುಮಾಗೊದವರ ಮೂರನೆಯ ಮಾತಿಗೆ ಇಲ್ಲಿ ಸಾವಿರ ವರ್ಷದ ಸಾಕ್ಷಿಯಿದೆ.

ಮೊದಲ ದಿನದ ಸಂಜೆ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. 1962ರಲ್ಲಿ ನೂರು ವರ್ಷ ದಾಟಿ ತೀರಿಕೊಂಡ ಅವರ ಸಮಾಧಿ ಇರುವ ಊರೂ ಅದೇ. ಈಗಿನ ಕಾಲಕ್ಕೆ ಜಪಾನಿನ ಪ್ರವಾಸ ಒಂದು ರಾತ್ರಿಯ ವಿಮಾನದ ಮಾತು. ಆದರೆ ಈ ಹಳ್ಳಿಯ ಮನುಷ್ಯ ಹಡಗು ಹತ್ತಿ ಜಪಾನನ್ನು ನೋಡಿ ಬಂದದ್ದು 1898ರಲ್ಲಿ. ಆಗ ಅವರು ಮುಂಬಯಿ ಪ್ರಾಂತದಲ್ಲಿ ಎಂಜಿನಿಯರು. ಮೂವತ್ತು ವರ್ಷದ ಹಿಂದೆ ನಮ್ಮ ಹಾಗೆಯೇ ಇದ್ದ ನಾಡು ಶಾಲೆಗಳಿಂದಲೂ ಕಾರ್ಖಾನೆಗಳಿಂದಲೂ ಹೇಗೆ ತಲೆಯೆತ್ತಿತು ಎಂಬುದನ್ನು ಕಣ್ಣಾರೆ ಕಂಡು ಬಂದರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಮತ್ತೊಮ್ಮೆ ಹೋದರು. ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಬ್ಯಾಂಕು, ವಿಶ್ವವಿದ್ಯಾನಿಲಯ, ಕೈಗಾರಿಕೆಗಳಿಗಾಗಿ ಹಟಹಿಡಿದು ದುಡಿದದ್ದರ ಹಿಂದೆ ಆ ಮೊದಲ ಪ್ರವಾಸದ ಪಾಠವೂ ಇತ್ತೆಂಬುದರಲ್ಲಿ ಸಂಶಯವಿಲ್ಲ. ಪ್ರವಾಸವೆಂದರೆ ಹೀಗಿರಬೇಕು. ನೋಡಿ ಬಂದವನು ಊರಿಗೆ ಏನನ್ನಾದರೂ ತರಬೇಕು. ಅವರ ಹಳೆಯ ಮನೆ ಈಗ ಪ್ರದರ್ಶನಾಲಯವಾಗಿದೆ. ಜಪಾನಿನಿಂದ ಬಂದ ಮಕ್ಕಳು ಜಪಾನಿಗೆ ಹೋಗಿ ಬಂದವರ ಮನೆಯ ಹೊಸ್ತಿಲು ದಾಟಲಿ ಎಂಬುದು ನನ್ನ ಆಸೆ. ಅಂದು ರಾತ್ರಿ ಚಿಕ್ಕಬಳ್ಳಾಪುರದಲ್ಲಿ ತಂಗುವುದು.

ಎರಡನೆಯ ದಿನ ಬೆಳಗ್ಗೆ ಗೌರಿಬಿದನೂರಿನ ಹಾದಿಯಾಗಿ ವಿದುರಾಶ್ವತ್ಥ. ಮಹಾಭಾರತದ ವಿದುರ ನೆಟ್ಟನೆಂಬ ಅಶ್ವತ್ಥವೃಕ್ಷ ಅಲ್ಲಿತ್ತು, 2001ರಲ್ಲಿ ಉರುಳಿತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಅಲ್ಲಿ ಸೇರಿದ್ದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಅವರ ಹೆಸರುಗಳನ್ನು ಸ್ಮಾರಕದಲ್ಲಿ ನಿಂತು ಓದಬೇಕು. ಮಕ್ಕಳಿಗೆ ಇಂತಹದನ್ನು ತೋರಿಸುವುದೇ ಎಂದು ಮನೆಯವಳು ಅನುಮಾನಿಸಿದಳು. ಜಪಾನಿನ ಮಕ್ಕಳನ್ನು ಶಾಲೆಯಿಂದಲೇ ಹಿರೋಶಿಮಾಕ್ಕೆ ಕರೆದೊಯ್ಯುತ್ತಾರೆ ಎಂದೆ. ಸುಮ್ಮನಾದಳು. ಆಮೇಲೆ ದಕ್ಷಿಣಕ್ಕೆ ತಿರುಗಿ ಘಾಟಿ ಸುಬ್ರಹ್ಮಣ್ಯ, ದನಗಳ ಜಾತ್ರೆಗೆ ಹೆಸರಾದ ಸ್ಥಳ. ಅಲ್ಲಿಂದ ಮಗ್ಗಗಳ ಸದ್ದಿನ ದೊಡ್ಡಬಳ್ಳಾಪುರ. ಹಸುವೊಂದು ದಿನವೂ ಒಂದು ಬಳ್ಳ ಹಾಲನ್ನು ಹುತ್ತದ ಮೇಲೆ ಕರೆಯುತ್ತಿದ್ದುದರಿಂದ ಆ ಊರಿಗೆ ಆ ಹೆಸರು ಬಂತೆಂದು ಕತೆ. ದೊಡ್ಡಬಳ್ಳಾಪುರದಲ್ಲಿ ಊಟ.

ಇಷ್ಟು ಬರೆದ ಮೇಲೆ ನಲ್ಲೂರಿಗೆ ಹಿಂದಿರುಗುವ ಮುನ್ನ ಒಂದು ನಿಲುಗಡೆ ಉಳಿಯಿತು. ಅದನ್ನು ಬರೆಯಲು ಲೇಖನಿ ಸ್ವಲ್ಪ ತಡೆಯಿತು. ಅದು ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆ.

ಅಕ್ಕನಿಗೆ ಎಂಬತ್ತರ ಹತ್ತಿರ. ಮೂರು ಎಕರೆ ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆಹುಳು. ನಮ್ಮ ಸೀಮೆಯ ರೇಷ್ಮೆಗೂ ಜಪಾನಿಗೂ ಇರುವ ನಂಟು ಸಣ್ಣದಲ್ಲ. ಟಿಪ್ಪುವಿನ ಕಾಲದಲ್ಲಿ ಬಂಗಾಳದಿಂದ ಹುಳುವನ್ನು ತರಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಸುಬು ಸೊರಗಿದ್ದಾಗ ಜೆಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ಮಾಡಿಸಿ, ಜಪಾನಿನಿಂದ ತಜ್ಞರನ್ನು ಕರೆಸಿ, ಹುಳು ಸಾಕುವ ಮತ್ತು ನೂಲು ತೆಗೆಯುವ ಅಲ್ಲಿಯ ಕ್ರಮವನ್ನು ಕಲಿಸಿದರು. ಅದಾದ ಸುಮಾರು ನೂರು ವರ್ಷಕ್ಕೆ, 1991ರಿಂದ 2007ರವರೆಗೆ, ಜಪಾನಿನ ತಜ್ಞರು ಮತ್ತೆ ಬಂದು ಮೈಸೂರಿನ ಸಂಶೋಧನಾಲಯದವರೊಡನೆ ಸೇರಿ ನಮ್ಮ ಬಿಸಿಲಿಗೆ ತಡೆಯುವ ದ್ವಿತಳಿ ಹುಳುವನ್ನು ಹಳ್ಳಿಗಳಿಗೆ ಮುಟ್ಟಿಸಿದರು. ಅದರ ಗೂಡು ಬೆಳ್ಳಗೆ, ನೂಲು ಉದ್ದ. ನಮ್ಮ ಅಕ್ಕನ ಚಂದ್ರಿಕೆಯಲ್ಲಿ ಈಗ ಕಾಣುವುದು ಆ ಬಿಳಿಗೂಡೇ. ಗೂಡು ಬಿಡಿಸುವಾಗ ಅಕ್ಕ, "ನಿನ್ನ ಮಗಳ ಊರಿನ ಹುಳ ಕಣಪ್ಪ ಇವು" ಎಂದು ತಮಾಷೆ ಮಾಡುತ್ತಾಳೆ.

ಆ ತೋಟ ಹೋಗಿಬಿಡುತ್ತಿತ್ತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ನೆಲಕ್ಕೆ ಬಂದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಆಮೇಲೆ ವಿಮಾನ ಮತ್ತು ರಕ್ಷಣಾ ಕೈಗಾರಿಕೆಗಳಿಗಾಗಿ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಸ್ವಾಧೀನ ಮಾಡಿಕೊಳ್ಳುವ ಪ್ರಸ್ತಾಪ ಬಂತು. ರೈತರು 2022ರಿಂದ ಮೂರು ವರ್ಷಕ್ಕೂ ಮಿಗಿಲಾಗಿ ಧರಣಿ ಕುಳಿತರು. ನಮ್ಮ ಅಕ್ಕನೂ ಕುಳಿತಳು.

ನಾನು ಆಗ ಆಕೆಯ ಮನೆಗೆ ಹೋಗಿ ಬುದ್ಧಿ ಹೇಳಿದೆ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. "ಅಕ್ಕ, ನಿನಗೂ ವಯಸ್ಸಾಯಿತು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಳ್ಳೆಯ ಹಣ ಬರುತ್ತದೆ, ತೆಗೆದುಕೊಂಡು ಸುಖವಾಗಿರು. ಕಾಲ ಬದಲಾಗುತ್ತದೆ, ಚರಿತ್ರೆಯನ್ನು ಯಾರೂ ತಡೆಯಲಾರರು" ಎಂದೆ. ಮೇಷ್ಟರ ಮಾತು, ಕೇಳಲು ಗಂಭೀರವಾಗಿಯೇ ಇತ್ತು.

ಅಕ್ಕ ಸೊಪ್ಪು ಹೆಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ದುಡ್ಡು ಬರ್ತದೆ, ಸರಿ. ಆಮ್ಯಾಕೆ ಮೊಮ್ಮಕ್ಕಳು ಬಂದು ಅಜ್ಜಿ ನಿನ್ನ ಊರು ಯಾವ್ದು ಅಂದ್ರೆ ಬ್ಯಾಂಕಿನ ಪುಸ್ತಕ ತೋರಿಸ್ಲಾ? ನೀನು ಹೋಗಪ್ಪ. ನಾ ಮಾರಾಕಿಲ್ಲ" ಎಂದಳು.

2025ರ ಜುಲೈ ತಿಂಗಳಿನಲ್ಲಿ ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಮನಸ್ಸಿದ್ದವರು ಕೊಡಬಹುದೆಂದೂ ಹೇಳಿತು. ಕೊಡುವವರು ಇದ್ದಾರೆ, ಅವರನ್ನು ತಪ್ಪೆನ್ನಲು ನನಗೆ ಅಧಿಕಾರವಿಲ್ಲ. ಸಾಲ ತೀರಿಸಬೇಕಾದವನ, ಮಗಳ ಮದುವೆ ಮಾಡಬೇಕಾದವನ ಕಷ್ಟ ಅವನಿಗೇ ಗೊತ್ತು. ವಿಮಾನ ನಿಲ್ದಾಣವನ್ನೂ ನಾನು ಹಳಿಯಲಾರೆ. ನನ್ನ ಮಗಳು ಬಂದಿಳಿಯುವುದು ಅಲ್ಲಿಯೇ. ನಾನು ಹೇಳಬೇಕಾದದ್ದು ಇಷ್ಟೆ: ತ್ಸುಮಾಗೊದವರು 1971ರಲ್ಲಿ "ಮಾರುವುದಿಲ್ಲ" ಎಂದದ್ದನ್ನು ಓದಿ ನಾನು ಜಗುಲಿಯ ಮೇಲೆ ಕುಳಿತು ತಲೆದೂಗಿದೆ. ಅದೇ ಮಾತನ್ನು ನನ್ನ ಒಡಹುಟ್ಟಿದವಳು ಕನ್ನಡದಲ್ಲಿ ಹೇಳಿದಾಗ ಅದು ಮುದುಕಿಯ ಹಟವಾಗಿ ಕಂಡಿತು. ದೂರದ ಊರಿನವರು ಮಾಡಿದರೆ ಚರಿತ್ರೆ, ನಮ್ಮವರು ಮಾಡಿದರೆ ಹಟ ಎಂದು ಬಗೆಯುವುದು ಓದಿದವರ ಒಂದು ದೊಡ್ಡ ರೋಗ. ಅದು ನನಗೂ ಇತ್ತು.

ಈಗ ಪಟ್ಟಿಯ ಕೊನೆಯ ಸಾಲು, ನಮ್ಮ ನಲ್ಲೂರು. ಮೊಮ್ಮಗಳು ಕೇಳಿದ್ದು ಇಲ್ಲಿ ಏನಿದೆಯೆಂದು. ಇಲ್ಲಿ ಹುಣಿಸೆಯ ತೋಪಿದೆ. ಸುಮಾರು 54 ಎಕರೆಯ ನೆಲದಲ್ಲಿ ಮುನ್ನೂರರಷ್ಟು ಮರಗಳು. ಚೋಳರ ಕಾಲದ ತೋಪೆಂದು ಊರಿನ ನಂಬಿಕೆ. ಕೆಲವು ಮರಗಳಿಗೆ ನಾನೂರು ವರ್ಷ ಮೀರಿದೆಯೆಂದು ಅಂದಾಜು. ನಡುವೆ ಚೆನ್ನಕೇಶವನ ಹಾಳುಗುಡಿ. 2007ರಲ್ಲಿ ಇದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಿದರು. 2002ರ ಕಾನೂನಿನಂತೆ ಇಡೀ ಭಾರತದಲ್ಲಿ ಆ ಗೌರವ ಪಡೆದ ಮೊಟ್ಟಮೊದಲ ಜಾಗ ನಮ್ಮ ಊರಿನ ತೋಪು.

ಆ ಮರಗಳನ್ನು ಒಮ್ಮೆ ಕಂಡವರು ಮರೆಯಲಾರರು. ಬೊಡ್ಡೆಗಳು ಹಗ್ಗ ಹೊಸೆದಂತೆ ತಿರುಚಿಕೊಂಡಿವೆ. ಒಳಗೆಲ್ಲ ಪೊಳ್ಳಾಗಿ, ಮಗುವೊಂದು ಅವಿತು ಕೂರುವಷ್ಟು ಜಾಗ. ಸತ್ತಿತೆಂದು ತಿಳಿದ ಮರದ ತುದಿಯಲ್ಲಿ ಮರು ವರ್ಷ ಎಳೆಯ ಚಿಗುರು. ಕೊಂಬೆ ಬಾಗಿ ನೆಲ ಮುಟ್ಟಿದರೆ ಅಲ್ಲಿಯೇ ಬೇರು ಬಿಟ್ಟು ಮತ್ತೆ ಮೇಲೇಳುತ್ತದೆ. ಹೀಗೆ ಬಿದ್ದ ಮರವೇ ಬಿದ್ದಲ್ಲಿಂದ ಎದ್ದು ತೋಪು ಮುಂದುವರಿಯುತ್ತದೆ. ಇನ್ನೊಂದು ವಿಚಿತ್ರ ಉಂಟು. ಹುಣಿಸೆ ಮೂಲತಃ ನಮ್ಮ ನಾಡಿನ ಮರವಲ್ಲ, ಆಫ್ರಿಕದ್ದು. ಯಾವುದೋ ಕಾಲದಲ್ಲಿ ದಾರಿ ನಡೆದು ಬಂದದ್ದು. ಅರಬ್ಬರು ಅದಕ್ಕೆ 'ಹಿಂದಿನ ಖರ್ಜೂರ', ಎಂದರೆ ಹಿಂದೂದೇಶದ ಖರ್ಜೂರ ಎಂದು ಹೆಸರಿಟ್ಟರು. ಬಂದ ಮರ ಊರಿನದಾಯಿತು, ಆವತಿಯ ಗಾಡಿಗಳ ಹಾಗೆ. ನಮ್ಮ ಸಾರಿನಲ್ಲಿ ಅದಿಲ್ಲದ ದಿನವಿಲ್ಲ.

ಕಿಸೊ ಕಣಿವೆಯ ಮರಗಳನ್ನು ಕತ್ತಿಯ ಭಯ ಕಾಯಿತು. ನಲ್ಲೂರಿನ ತೋಪಿಗೆ ಶತಮಾನಗಳ ಕಾಲ ಕಾವಲುಗಾರನಿರಲಿಲ್ಲ, ಕಾನೂನಿರಲಿಲ್ಲ. ದೇವರ ಮರ ಮುಟ್ಟಬಾರದು ಎಂದು ಅಜ್ಜಿ ಮೊಮ್ಮಗನಿಗೆ ಹೇಳಿದಳು, ಅವನು ತನ್ನ ಮೊಮ್ಮಗನಿಗೆ ಹೇಳಿದ, ಅದೇ ಕಾವಲು. ನನಗೆ ನನ್ನ ಅಜ್ಜಿ ಹೇಳಿದ್ದಳು. ನಾನು ಬೆಂಗಳೂರಿಗೆ ಹೋಗಿ ಪಾಠ ಹೇಳಿದೆನೇ ಹೊರತು ಇದನ್ನು ನನ್ನ ಮಗಳಿಗೆ ಹೇಳಲಿಲ್ಲ. ಮೊಮ್ಮಗಳ ಪ್ರಶ್ನೆಗೆ ನನ್ನ ಬಾಯಿ ಕಟ್ಟಿದ್ದು ಅದಕ್ಕೇ ಇರಬೇಕು.

ಏಪ್ರಿಲಿನಲ್ಲಿ ನಾವು ಜಪಾನಿಗೆ ಹೋಗುವುದೆಂದು ನಿಶ್ಚಯವಾಗಿದೆ. ಮೈಲಿಮರಗಳು ಉಳಿದಿದ್ದರೆ ನೋಡಬೇಕು, ತ್ಸುಮಾಗೊದ ಬೀದಿಯಲ್ಲಿ ನಡೆಯಬೇಕು. ಬೇಸಿಗೆ ರಜಕ್ಕೆ ಅವರು ಇಲ್ಲಿಗೆ ಬರುತ್ತಾರೆ. ನನ್ನ ಪಟ್ಟಿಯನ್ನು ಮೊನ್ನೆ ಮಗಳಿಗೆ ಕಳುಹಿಸಿದೆ. ಮೊಮ್ಮಗಳೇ ಓದಿ ಉತ್ತರ ಬರೆದಳು: "ತಾತ, ಮೊದಲನೇ ದಿನ ಕೋಟೆ ಬೇಡ. ಮೊದಲು ದೊಡ್ಡಜ್ಜಿ ಮನೆಗೆ ಹೋಗೋಣ. ಹುಳ ನೋಡಬೇಕು."

ಪಟ್ಟಿಯನ್ನು ತಿದ್ದಿದ್ದೇನೆ. ಈ ಭಾನುವಾರ ಅಕ್ಕನ ಮನೆಗೆ ಹೋಗಿ ವಿಷಯ ತಿಳಿಸಬೇಕು. ಅಂದು ನಾನು ಆಡಿದ ಮಾತಿನ ಬಗ್ಗೆಯೂ ಎರಡು ಮಾತು ಹೇಳುವುದಿದೆ.